ನಿತ್ಯಜೀವ ಮತ್ತು ವಿಶ್ವಾಸದ ಸಾಕ್ಷ್ಯ: ಕೋಲಾರ ಸೀಮೆಯ ಪಾಠ

ಪ್ರೇಷಿತರ ವಿಶ್ವಾಸ ಪ್ರಮಾಣದ ಕೊನೆಯ ಮಾತು ನಿತ್ಯಜೀವದ ಬಗ್ಗೆ. ನಾವು ಅದನ್ನು ಬಾಯಿಪಾಠವಾಗಿ ಹೇಳುತ್ತೇವೆ. ಆದರೆ ಅದು ಸತ್ತ ಮೇಲಿನ ವಿಷಯ ಎಂದಷ್ಟೇ ನಮ್ಮಲ್ಲಿ ಹಲವರ ತಿಳಿವಳಿಕೆ.

ನಿತ್ಯಜೀವ ಎಂದರೇನು?

ಪಿತನಾದ ದೇವರನ್ನೂ ಅವರು ಕಳುಹಿಸಿದ ಯೇಸುಕ್ರಿಸ್ತರನ್ನೂ ಅರಿಯುವುದೇ ನಿತ್ಯಜೀವ ಎಂದು ಸಂತ ಯೊವಾನ್ನರ ಶುಭಸಂದೇಶ (17:3) ತಿಳಿಸುತ್ತದೆ. ದೀಕ್ಷಾಸ್ನಾನದಲ್ಲಿ ಆರಂಭವಾಗುವ ಈ ಜೀವ ಮರಣದಾಚೆ ಪೂರ್ಣಗೊಳ್ಳುತ್ತದೆ. ಇಂದೇ ಆರಂಭವಾಗಿರುವುದರಿಂದ ಅದು ನಮ್ಮ ನಡೆನುಡಿಯಲ್ಲಿ ಕಾಣಬೇಕು. ಹಾಗೆ ಕಾಣುವುದೇ ಸಾಕ್ಷ್ಯ.

ಸಾಕ್ಷ್ಯ ಎಂದರೇನು?

ಹೊಸ ಒಡಂಬಡಿಕೆಯ ಗ್ರೀಕ್ ಪದ 'ಮಾರ್ತುಸ್' ಎಂದರೆ ಸಾಕ್ಷಿ. ರಕ್ತಸಾಕ್ಷಿ ಎಂಬ ಅರ್ಥ ಅದರಿಂದಲೇ ಬೆಳೆಯಿತು. ಶುಭಸಂದೇಶ ಪ್ರಸಾರದ ಮೊದಲ ಸಾಧನ ಕ್ರೈಸ್ತ ಬದುಕೇ ಎಂದು ಜಗದ್ಗುರು ಆರನೇ ಪೌಲರು 1975ರಲ್ಲಿ ಬೋಧಿಸಿದರು. ಬದುಕಿನ ಜೊತೆ ಮಾತೂ ಬೇಕೆಂದು ಅವರೇ ಹೇಳಿದರು.

ಕೋಲಾರದ ಅನುಭವ

ಕರಾವಳಿಯಲ್ಲಿ ನಮ್ಮ ಧರ್ಮಕೇಂದ್ರಗಳು ಹತ್ತಿರ ಹತ್ತಿರ ಇವೆ. ಬೆಂಗಳೂರು ಮಹಾಧರ್ಮಪ್ರಾಂತ್ಯದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹಾಗಿಲ್ಲ. ಅಲ್ಲಿ ಕ್ರೈಸ್ತರು ಅಲ್ಪಸಂಖ್ಯೆಯಲ್ಲಿ, ಕನ್ನಡ, ತೆಲುಗು, ತಮಿಳು ಬೆರೆತ ಊರುಗಳಲ್ಲಿ ಚದುರಿದ್ದಾರೆ.

ಕೋಲಾರ ಪಟ್ಟಣದಲ್ಲಿ ಮೆಥೋಡಿಸ್ಟ್ ಸಹೋದರ ಸಭೆಯವರು 1910ರಲ್ಲಿ ಆರಂಭಿಸಿದ ಇ.ಟಿ.ಸಿ.ಎಂ. ಆಸ್ಪತ್ರೆ ಬದುಕಿನ ಸಾಕ್ಷ್ಯಕ್ಕೆ ಒಂದು ಮಾದರಿ. ಇದೇ ಸೀಮೆಯ ಶ್ರೀನಿವಾಸಪುರದಲ್ಲಿ 2021ರ ಡಿಸೆಂಬರಿನಲ್ಲಿ, ಮನೆಮನೆಗೆ ಹೋಗಿದ್ದ ಕ್ರೈಸ್ತರ ಕೈಯಿಂದ ಧಾರ್ಮಿಕ ಪುಸ್ತಕಗಳನ್ನು ಕಸಿದು ಸುಡಲಾಯಿತು.

ನಮ್ಮ ಉತ್ತರವೇನು?

ಭಯದಿಂದ ಮೌನವಾಗುವುದೂ ಸರಿಯಲ್ಲ, ಸಿಟ್ಟಿನಿಂದ ಮಾತಿಗೆ ಮಾತು ಬೆಳೆಸುವುದೂ ಸರಿಯಲ್ಲ. ನಿಮ್ಮ ಭರವಸೆಗೆ ಕಾರಣ ಕೇಳಿದವರಿಗೆ ವಿನಯದಿಂದ, ಗೌರವದಿಂದ ಉತ್ತರಿಸಲು ಸಿದ್ಧರಾಗಿರಿ ಎಂಬುದು ಸಂತ ಪೇತ್ರರ ಬೋಧನೆ (1 ಪೇತ್ರ 3:15-16). ಆ ಪತ್ರ ತಲುಪಿದ್ದೂ ಅನ್ಯರ ನಡುವೆ ನಿಂದೆ ಸಹಿಸುತ್ತಿದ್ದ ಸಣ್ಣ ಗುಂಪುಗಳಿಗೇ.

ವಿಶ್ವಾಸ ಹರಡುವಲ್ಲಿ ಒತ್ತಾಯವಾಗಲಿ ಆಮಿಷವಾಗಲಿ ಸಲ್ಲದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಧರ್ಮವನ್ನು ಪಾಲಿಸುವ, ಪ್ರಸಾರ ಮಾಡುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಎಲ್ಲರಿಗೂ ನೀಡಿದೆ. ಉಪದೇಶಿಗಳೂ ವಾರ್ಡಿನ ಗುರಿಕಾರರೂ ಇವೆರಡನ್ನೂ ತಿಳಿದಿರಬೇಕು.

ಪುಸ್ತಕವನ್ನು ಸುಡಬಹುದು. ರೋಗಿಯ ಪಕ್ಕ ರಾತ್ರಿಯಿಡೀ ಕುಳಿತ ನೆನಪನ್ನು ಸುಡಲಾಗದು. ನಮ್ಮ ನೆರೆಮನೆಯವರು ನಮ್ಮಲ್ಲಿ ಏನು ಓದುತ್ತಿದ್ದಾರೆ? ಈ ಭಾನುವಾರ ವಿಶ್ವಾಸ ಪ್ರಮಾಣ ಹೇಳುವಾಗ ನಾವು ನಮ್ಮನ್ನೇ ಕೇಳಿಕೊಳ್ಳೋಣ.