ಸಂಘಕ್ಕೆ ಸೈನಿಕ, ಸಂಬಳಕ್ಕೆ ನಾಗರಿಕ

ಸಿಕಂದರಾಬಾದ್ ಮತ್ತು ಹೈದರಾಬಾದಿನ ಸೇನಾ ಕೇಂದ್ರಗಳಲ್ಲಿ ಒಂದು ಕಾಲಕ್ಕೆ ನಾಗರಿಕ ನೌಕರರ ಸಂಘಗಳಿದ್ದವು. ಸದಸ್ಯರು ಅಡುಗೆಯವರು, ಚೌಕೀದಾರರು, ಲಸ್ಕರರು, ಕ್ಷೌರಿಕರು, ಬಡಗಿಗಳು, ಮೆಕ್ಯಾನಿಕ್‌ಗಳು, ಬೂಟು ಹೊಲಿಯುವವರು, ದರ್ಜಿಗಳು. ಕಮಾಂಡೆಂಟರು ಈ ಸಂಘಗಳು ಕಾನೂನಿಗೆ ವಿರುದ್ಧ ಎಂದರು. ಸಂಘದವರು ಕೋರ್ಟಿಗೆ ಹೋದರು. ನಾವು ಕೋವಿ ಹಿಡಿದವರಲ್ಲ, ನಮ್ಮ ಸೇವಾ ನಿಯಮಗಳು ನಾಗರಿಕ ನೌಕರರವು, ಸಂಘ ಕಟ್ಟುವ ಹಕ್ಕು ನಮಗೂ ಉಂಟು ಎಂಬುದು ಅವರ ವಾದ.

1975ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಯವರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ. ದಂಡು ಹೊರಟಾಗ ಅದರ ಜೊತೆ ಹೋಗಬೇಕಾದವರು, ಯುದ್ಧ ಮಾಡದಿದ್ದರೂ, ಪಡೆಯ ಅಂಗವೇ ಎಂದಿತು ಕೋರ್ಟು. ತುರ್ತುಪರಿಸ್ಥಿತಿಯ ದಿನಗಳ ತೀರ್ಪು ಇದು. ಆದರೂ ಎಲ್ಲ ದೋಷವನ್ನೂ ಆ ಕಾಲದ ಮೇಲೆ ಹೊರಿಸುವುದು ನ್ಯಾಯವಲ್ಲ, ತೊಡಕು ಸಂವಿಧಾನದ ಪಠ್ಯದಲ್ಲೇ ಇದೆ.

310 ಮತ್ತು 311ನೇ ವಿಧಿಗಳನ್ನು ಅಕ್ಕಪಕ್ಕ ಇಟ್ಟು ಓದಿ. ಸರ್ಕಾರಿ ನೌಕರ ರಾಷ್ಟ್ರಪತಿಯ ಮರ್ಜಿ ಇರುವವರೆಗೆ ಹುದ್ದೆಯಲ್ಲಿರುತ್ತಾನೆ ಎನ್ನುತ್ತದೆ 310. ಆ ಪಟ್ಟಿಯಲ್ಲಿ ರಕ್ಷಣಾ ಸೇವೆ, ನಾಗರಿಕ ಸೇವೆ, ಅಖಿಲ ಭಾರತ ಸೇವೆಗಳ ಜೊತೆಗೆ 'ರಕ್ಷಣೆಗೆ ಸಂಬಂಧಿಸಿದ ಹುದ್ದೆ' ಎಂಬ ಮಾತೂ ಇದೆ. ಮರ್ಜಿಗೆ ಲಗಾಮು ಹಾಕುವುದು 311: ವಿಚಾರಣೆ ನಡೆಸದೆ, ಆರೋಪ ತಿಳಿಸದೆ, ಉತ್ತರಿಸಲು ಅವಕಾಶ ಕೊಡದೆ ವಜಾ ಮಾಡಬಾರದು. ಇಲ್ಲಿಯ ಪಟ್ಟಿಯಲ್ಲಿ ರಕ್ಷಣೆಯ ಮಾತೇ ಇಲ್ಲ. ಸೈನಿಕನಿಗೆ ಸೇನಾ ಕಾಯ್ದೆ, ಕೋರ್ಟ್ ಮಾರ್ಷಲ್ ಎಂಬ ಬೇರೆ ದಾರಿಯಿದೆ, ಆದ್ದರಿಂದ ಅವನನ್ನು ಬಿಟ್ಟಿದ್ದು ಅರ್ಥವಾಗುತ್ತದೆ. ಡಿಪೋದ ಗುಮಾಸ್ತನನ್ನು ಯಾಕೆ ಬಿಡಬೇಕು?

ಬಿಟ್ಟದ್ದು ಬಿಟ್ಟದ್ದೇ ಎಂದು ಕೋರ್ಟು ಮತ್ತೆ ಮತ್ತೆ ಹೇಳಿತು. 1971ರ ಲೇಖರಾಜ್ ಖುರಾನಾ ಪ್ರಕರಣದಲ್ಲಿ, ರಕ್ಷಣೆಗೆ ಸಂಬಂಧಿಸಿದ ಹುದ್ದೆಯಲ್ಲಿರುವ ನಾಗರಿಕನಿಗೆ 311ರ ಆಸರೆ ಇಲ್ಲ ಎಂದಾಯಿತು. ಆದರೆ ಕೇಂದ್ರ ನಾಗರಿಕ ಸೇವೆಗಳ 1965ರ ಶಿಸ್ತು ನಿಯಮಗಳು ಇವರಿಗೂ ಅನ್ವಯಿಸುತ್ತವೆ, ವಿಚಾರಣೆಯ ಕ್ರಮವೆಲ್ಲ ಅವುಗಳಲ್ಲೇ ಇದೆಯಲ್ಲ? ಕೆ.ಎಸ್. ಸುಬ್ರಮಣಿಯನ್ ಪ್ರಕರಣದಲ್ಲಿ ಆ ಬಾಗಿಲೂ ಮುಚ್ಚಿತು. ನಿಯಮಗಳು 310ರ ಮರ್ಜಿಯನ್ನು ಕಟ್ಟಿಹಾಕಲಾರವು. ಅಂಚೆ ಕಚೇರಿಯ ಗುಮಾಸ್ತ, ಸೇನಾ ಡಿಪೋದ ಗುಮಾಸ್ತ ಇಬ್ಬರೂ ಬರೆಯುವುದು ಅದೇ ಲೆಡ್ಜರು, ಓದುವುದು ಅದೇ ನಿಯಮಾವಳಿ. ಸಂವಿಧಾನದ ರಕ್ಷಣೆ ಮಾತ್ರ ಒಬ್ಬನಿಗೆ. ವಿಚಿತ್ರವೆಂದರೆ, 1985ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ರಕ್ಷಣಾ ಇಲಾಖೆಯ ನಾಗರಿಕರು ಹೋಗಬಹುದು, ಸೈನಿಕರು ಹೋಗುವಂತಿಲ್ಲ. ದೂರು ಕೊಡುವಾಗ ನಾಗರಿಕ, ವಜಾ ಆಗುವಾಗ ರಕ್ಷಣೆಯವನು.

ಇವರಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರೂ ಇದ್ದಾರೆ. ಪುಣೆಯ ಓದುಗರಿಗೆ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಗೊತ್ತಿರುತ್ತದೆ. ಅಲ್ಲಿ ಕೆಡೆಟ್‌ಗಳ ಬಟ್ಟೆ ಒಗೆಯುತ್ತಿದ್ದ ಧೋಬಿಗಳು ತಾವೂ ಸರ್ಕಾರಿ ನೌಕರರೆಂದು ನ್ಯಾಯಮಂಡಳಿಗೆ ಹೋದರು. ಅಲ್ಲಿ ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಸೋತರು. ಕಾರಣ ಅವರ ಕೆಲಸವಲ್ಲ, ಕೂಲಿ ಬರುತ್ತಿದ್ದ ಚೀಲ. ರೆಜಿಮೆಂಟಲ್ ಫಂಡ್ ಸರ್ಕಾರದ ಬೊಕ್ಕಸವಲ್ಲ, ಆದ್ದರಿಂದ ಅದರಿಂದ ಸಂಬಳ ಪಡೆಯುವವರು ಸರ್ಕಾರಿ ಹುದ್ದೆಯವರಲ್ಲ. ಒಗೆದದ್ದು ಸರ್ಕಾರದ ಅಕಾಡೆಮಿಯ ಬಟ್ಟೆ, ಒಗೆಯಲು ಹೇಳಿದ್ದು ಸರ್ಕಾರದ ಅಧಿಕಾರಿ. ಈ ಕಸುಬುಗಳು ತಲೆತಲಾಂತರದಿಂದ ಯಾರ ಪಾಲಿಗೆ ಬಂದಿವೆ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಮಟ್ಟಿಗೆ, ಲೆಕ್ಕದ ಶೀರ್ಷಿಕೆ ನೋಡಿ ಮನುಷ್ಯನ ಹಕ್ಕು ಅಳೆಯುವ ಈ ಕ್ರಮ 311ರ ಲೋಪಕ್ಕಿಂತಲೂ ಕಠಿಣವಾದದ್ದು.

ಸೇನೆಯ ಘಟಕಗಳು ನಡೆಸುವ ಕ್ಯಾಂಟೀನುಗಳವರಿಗಂತೂ ಹಕ್ಕು ಸಿಕ್ಕಿ ಕೈತಪ್ಪಿತು. 2001ರ ಅಸ್ಲಂ ತೀರ್ಪು ಅವರನ್ನು ಸರ್ಕಾರಿ ನೌಕರರೆಂದಿತು. 2009ರಲ್ಲಿ ಆರ್.ಆರ್. ಪಿಳ್ಳೈ ಪ್ರಕರಣದಲ್ಲಿ ದೊಡ್ಡ ಪೀಠ ಅದು ತಪ್ಪು ಎಂದಿತು. ಎಂಟು ವರ್ಷ ಕಾಗದದ ಮೇಲೆ ಸರ್ಕಾರಿ ನೌಕರರಾಗಿದ್ದವರು ಮರುದಿನ ಅದೇ ಕೌಂಟರಿನ ಹಿಂದೆ ನಿಂತು ಅದೇ ಸೋಪು, ಬಿಸ್ಕತ್ತು, ರಮ್ಮು ಮಾರಿದರು.