ಟೆಸ್ಟೋಸ್ಟೆರೋನ್ ಈಸ್ಟ್ರೋಜೆನ್ ಆಗುವ ಬಗೆ: ಒಂದು ಶೋಧದ ಚರಿತ್ರೆ ಮತ್ತು ಅದರಲ್ಲಿ ಬೆಂಗಳೂರಿನ ಪಾಲು

ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಲಂಡನ್ನಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ‘ಹಾರ್ಮೋನ್’ ಎಂಬ ಪದವನ್ನು ಉಪನ್ಯಾಸದಲ್ಲಿ ಬಳಕೆಗೆ ತಂದದ್ದೂ ಅದೇ ವರ್ಷ. ಹಾರ್ಮೋನುಗಳ ಶಾಸ್ತ್ರಕ್ಕೆ ಇಷ್ಟೇ ವಯಸ್ಸು. ಆ ಶಾಸ್ತ್ರ ಬಿಡಿಸಬೇಕಾಗಿದ್ದ ಒಗಟು ಮಾತ್ರ ಎರೆಹೊಲದ ರೈತನ ಕೊಟ್ಟಿಗೆಯಲ್ಲಿ ತಲೆತಲಾಂತರದಿಂದ ನಿಂತಿತ್ತು. ಎಳೆಯದರಲ್ಲೇ ಬೀಜ ಒಡೆಸಿದ ಹೋರಿಗರು ಕಾಲು ನೀಳವಾಗಿ ಎತ್ತರಕ್ಕೆ ಬೆಳೆಯುತ್ತದೆ. ಒಡೆಸದೆ ಬಿಟ್ಟದ್ದು ಕುತ್ತಿಗೆ, ಇಣಿ ದಪ್ಪವಾಗಿ ತುಂಬಿಕೊಂಡು, ಎತ್ತರದಲ್ಲಿ ಬೇಗ ನಿಲ್ಲುತ್ತದೆ. ವೃಷಣದ ರಸ ಮೈ ಬೆಳೆಸುವುದಾದರೆ, ಎಲುಬಿನ ಉದ್ದವನ್ನು ಅದು ತಡೆಯುವುದೇಕೆ?

ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಕುದುರೆಯ ಉಚ್ಚೆಯಲ್ಲಿ. ಈಸ್ಟ್ರೋಜೆನ್ ಹೆಣ್ಣಿನ ಹಾರ್ಮೋನ್ ಎಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, 1934ರಲ್ಲಿ, ಬರ್ನ್‌ಹಾರ್ಡ್ ಜೊಂಡೆಕ್ ಗಂಡು ಕುದುರೆಯ ಮೂತ್ರದಲ್ಲಿ ಅದು ಹೇರಳವಾಗಿರುವುದನ್ನು ಪ್ರಕಟಿಸಿದರು. ಬೀಜ ಒಡೆಸಿದ ಕುದುರೆಯಲ್ಲಿ ಆ ಪ್ರಮಾಣ ಇರಲಿಲ್ಲ. ಅಂದರೆ ಅದರ ಮೂಲ ವೃಷಣವೇ. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅರ್ನ್‌ಸ್ಟ್ ಲಾಕೂರ್ ಅವರ ತಂಡ ಸುಮಾರು 100 ಕಿಲೋ ಹೋರಿಬೀಜಗಳಿಂದ 10 ಮಿಲಿಗ್ರಾಂನಷ್ಟು ಟೆಸ್ಟೋಸ್ಟೆರೋನ್ ಬೇರ್ಪಡಿಸಿತು. 1937ರಲ್ಲಿ ಸ್ಟೈನಾಕ್ ಮತ್ತು ಕುನ್, ಗಂಡಸರಿಗೆ ಟೆಸ್ಟೋಸ್ಟೆರೋನ್ ಚುಚ್ಚಿದಾಗ ಅವರ ಮೂತ್ರದಲ್ಲಿ ಈಸ್ಟ್ರೋಜೆನ್ ಏರುವುದನ್ನು ತೋರಿಸಿದರು. ಒಂದು ಹಾರ್ಮೋನ್ ದೇಹದೊಳಗೆ ಇನ್ನೊಂದಾಗುತ್ತಿದೆ ಎನ್ನಲು ಇಷ್ಟು ಸಾಕಿತ್ತು.

ಹೇಗೆ ಆಗುತ್ತದೆ ಎಂಬುದಕ್ಕೆ ಇನ್ನೂ ಎರಡು ದಶಕ ಬೇಕಾಯಿತು. 1959ರಲ್ಲಿ ಕೆನೆತ್ ರಯಾನ್ ಹೆರಿಗೆಯ ನಂತರ ಬೀಳುವ ಮಾಸಿನಿಂದ ಸೂಕ್ಷ್ಮ ಕಣಗಳನ್ನು ತೆಗೆದು, ಅವು ಗಂಡು ಹಾರ್ಮೋನುಗಳನ್ನು ಈಸ್ಟ್ರೋಜೆನ್ ಮಾಡುವುದನ್ನು ಪ್ರಯೋಗನಳಿಕೆಯಲ್ಲೇ ತೋರಿಸಿದರು. ಟೆಸ್ಟೋಸ್ಟೆರೋನ್ ಅಣುವಿನಲ್ಲಿ 19 ಇಂಗಾಲದ ಪರಮಾಣುಗಳಿವೆ, ಈಸ್ಟ್ರೋಜೆನ್‌ನ ಒಂದು ರೂಪವಾದ ಎಸ್ಟ್ರಡಯೋಲ್‌ನಲ್ಲಿ 18. ಕಳೆದುಹೋಗುವ ಆ ಒಂದು ಇಂಗಾಲದಲ್ಲೇ ಎಲ್ಲ ಗುಟ್ಟಿದೆ. ಅರೋಮಟೇಸ್ ಎಂಬ ಕಿಣ್ವ ಮೂರು ಸಲ ಆಮ್ಲಜನಕ ಬಳಸಿ ಅದನ್ನು ಫಾರ್ಮಿಕ್ ಆಮ್ಲವಾಗಿ ಬಿಡಿಸಿ ತೆಗೆಯುತ್ತದೆ. ಅಣುವಿನ ಮೊದಲ ಉಂಗುರದ ಬಂಧಗಳು ಮರುಜೋಡಣೆಯಾಗಿ ಈಸ್ಟ್ರೋಜೆನ್ ರೂಪುಗೊಳ್ಳುತ್ತದೆ. ಹಿಂದಿರುಗುವ ದಾರಿಯಿಲ್ಲ. ಈ ಕೆಲಸ ಅಂಡಾಶಯ, ವೃಷಣ, ಕೊಬ್ಬು, ಎಲುಬು, ಮಿದುಳುಗಳಲ್ಲೆಲ್ಲ ನಡೆಯುತ್ತದೆ. ವಯಸ್ಕ ಗಂಡಸಿನ ಎಸ್ಟ್ರಡಯೋಲ್‌ನ ಬಹುಪಾಲು ಹುಟ್ಟುವುದು ವೃಷಣದ ಹೊರಗೆ. ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಈ ಪರಿವರ್ತನೆ ಹೆಚ್ಚು. ಮೈ ಹುರಿಗಟ್ಟಿಸಲು ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳುವ ಹುಡುಗರಿಗೆ ಎದೆ ಊದಿಕೊಳ್ಳುವುದೂ ಇದರಿಂದಲೇ.

ಎಲುಬಿನ ಒಗಟು ಬಿಡಿಸಿದ್ದು 1994ರ ಒಂದು ವರದಿ. 28 ವರ್ಷದ ಅಮೆರಿಕನ್ನನೊಬ್ಬ 204 ಸೆಂಟಿಮೀಟರ್ ಎತ್ತರವಿದ್ದು ಇನ್ನೂ ಬೆಳೆಯುತ್ತಲೇ ಇದ್ದ. ಟೆಸ್ಟೋಸ್ಟೆರೋನ್ ಸರಿಯಾಗಿಯೇ ಇತ್ತು. ಆದರೆ ಈಸ್ಟ್ರೋಜೆನ್ ಗ್ರಹಿಸುವ ಅವನ ಜೀನ್ ಕೆಟ್ಟಿತ್ತು. ಅರೋಮಟೇಸ್ ಇಲ್ಲದೆ ಹುಟ್ಟಿದ ಗಂಡಸರೂ ಹೀಗೇ ಬೆಳೆಯುತ್ತಾರೆಂದು ಆಮೇಲೆ ತಿಳಿಯಿತು. 1997ರಲ್ಲಿ ವರದಿಯಾದ ಅಂಥ ಒಬ್ಬನಿಗೆ ಟೆಸ್ಟೋಸ್ಟೆರೋನ್ ಕೊಟ್ಟಾಗ ಏನೂ ಆಗಲಿಲ್ಲ. ಎಸ್ಟ್ರಡಯೋಲ್ ಕೊಟ್ಟಾಗ ಎಲುಬಿನ ತುದಿಗಳು ಬೆಸೆದುಕೊಂಡವು. ಗಂಡಿನ ಎತ್ತರಕ್ಕೆ ಕಡಿವಾಣ ಹಾಕುವುದು ಅವನ ದೇಹದ ಈಸ್ಟ್ರೋಜೆನ್. ಬೀಜ ಒಡೆಸಿದ ಎತ್ತಿನ ನೀಳ ಕಾಲಿಗೂ ಇದೇ ವಿವರಣೆ ಒಪ್ಪುತ್ತದೆ ಎಂದು ನಾನು ತಿಳಿಯುತ್ತೇನೆ.

ಈ ಕಥೆಯ ಇನ್ನೊಂದು ಅಧ್ಯಾಯ ನಮ್ಮಲ್ಲೇ ಬರೆಯಲ್ಪಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನುಗ್ಗೇಹಳ್ಳಿ ರಘುವೀರ ಮೌದ್ಗಲ್ಯ ಅವರ ತಂಡ 1990ರ ದಶಕದಲ್ಲಿ ಕೇಳಿದ್ದು ನೇರವಾದ ಪ್ರಶ್ನೆ: ಅರೋಮಟೇಸನ್ನು ಕಟ್ಟಿಹಾಕಿದರೆ ಏನಾಗುತ್ತದೆ? ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯ ಅಜಯ್ ಭಟ್ನಾಗರ್ ಅವರ ಸಹಯೋಗದಲ್ಲಿ ಫ್ಯಾಡ್ರೋಜೋಲ್ ಎಂಬ ಪ್ರತಿಬಂಧಕವನ್ನು ಬಳಸಿದರು. ಪ್ರಯೋಗಕ್ಕೆ ಆಯ್ದದ್ದು ದಕ್ಷಿಣ ಭಾರತದ ಗುಡಿ, ಗುಡ್ಡ, ಬಸ್‌ನಿಲ್ದಾಣಗಳಲ್ಲೆಲ್ಲ ಕಾಣುವ ನಮ್ಮ ಮಂಗವನ್ನು. ಗಂಡು ಮಂಗಗಳಿಗೆ ತಿಂಗಳುಗಟ್ಟಲೆ ಔಷಧ ಕೊಟ್ಟಾಗ ಟೆಸ್ಟೋಸ್ಟೆರೋನ್‌ಗೆ ಕೊರತೆಯಾಗಲಿಲ್ಲ, ಆದರೂ ವೀರ್ಯಾಣುಗಳ ಸಂಖ್ಯೆ ಕುಸಿಯಿತು. ದುಂಡಗಿರುವ ಎಳೆಯ ಕೋಶಗಳು ನೀಳವಾಗಿ ಬಲಿಯುವ ಹಂತದಲ್ಲೇ ತಡೆ ಬಿದ್ದಿತ್ತು. ಹೆಣ್ಣಿನ ಕಡೆ ಫಲಿತಾಂಶ ಇನ್ನೂ ಅನಿರೀಕ್ಷಿತ: ಎಳೆಯ ಇಲಿಗಳಲ್ಲಿ ಈಸ್ಟ್ರೋಜೆನ್ ತಯಾರಿಯನ್ನು ಅಡಗಿಸಿದರೂ ಅಂಡಾಶಯದ ಕೋಶಕಗಳು ಬಲಿತವು. ಗಂಡಿನ ಫಲವತ್ತತೆಗೆ ಈಸ್ಟ್ರೋಜೆನ್ ಬೇಕು, ಹೆಣ್ಣಿನ ಕೋಶಕ ಬೆಳೆಯಲು ಅದು ಅನಿವಾರ್ಯವಲ್ಲ. ಗಂಡು-ಹೆಣ್ಣು ಹಾರ್ಮೋನ್ ಎಂದು ಗೆರೆ ಕೊರೆದು ಕಲಿಸುವ ನಮ್ಮ ಪಾಠಕ್ರಮವನ್ನೇ ಅಲುಗಿಸುವ ಮಾತಿದು.

ಫ್ಯಾಡ್ರೋಜೋಲ್‌ನ ಬೆನ್ನಿಗೆ ಬಂದ ಲೆಟ್ರೋಜೋಲ್ 1997ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಮಂಜೂರಾಯಿತು. ಮುಟ್ಟು ನಿಂತ ಹೆಂಗಸರಲ್ಲಿ ಅಂಡಾಶಯ ಸುಮ್ಮನಾದರೂ ಕೊಬ್ಬಿನಲ್ಲಿ ಈಸ್ಟ್ರೋಜೆನ್ ಹುಟ್ಟಿ ಗಡ್ಡೆಗೆ ಉಣಿಸುತ್ತದೆ. ಆ ಮೂಲವನ್ನು ಈ ಗುಳಿಗೆ ಬತ್ತಿಸುತ್ತದೆ. 2001ರಲ್ಲಿ ಮಿತ್ವಾಲಿ ಮತ್ತು ಕ್ಯಾಸ್ಪರ್ ಅದನ್ನೇ ಅಂಡ ಬಿಡುಗಡೆಗೆ ಬಳಸಿ ತೋರಿಸಿದರು. ಭಾರತ ಸರ್ಕಾರ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಅದರ ಬಳಕೆಯನ್ನು ನಿಷೇಧಿಸಿ, 2017ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. ಇಂದು ಗದಗ, ಹುಬ್ಬಳ್ಳಿಯ ಔಷಧ ಅಂಗಡಿಗಳಲ್ಲಿ ಈ ಗುಳಿಗೆಯನ್ನು ವೈದ್ಯರ ಚೀಟಿ ತೋರಿಸಿ ಕೊಳ್ಳುವ ಎಷ್ಟೋ ಹೆಣ್ಣುಮಕ್ಕಳಿಗೆ, ಇದೇ ಬಗೆಯ ಔಷಧದ ಮೇಲೆ ಬೆಂಗಳೂರಿನಲ್ಲಿ ಇಂಥ ಪ್ರಯೋಗಗಳು ನಡೆದಿದ್ದವೆಂದು ಹೇಳುವ ಒಂದು ಪುಟ ಕನ್ನಡದಲ್ಲಿ ಸಿಗಬೇಕು. ನಮ್ಮ ಪದವಿಪೂರ್ವ ಜೀವಶಾಸ್ತ್ರದ ಪುಸ್ತಕ ಬರೆಯುವವರು ಮೌದ್ಗಲ್ಯರ ಮಂಗಗಳಿಗೆ ಒಂದು ಪ್ಯಾರಾ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.