ಮಾ ಹುವಾಂಗ್: ಕಣ್ಣಿನ ಔಷಧವಾಗಿ ಉಳಿದ ಉಬ್ಬಸದ ಮೂಲಿಕೆ

ಮಾ ಹುವಾಂಗ್ ಎಲೆಗಳೇ ಇಲ್ಲದಂತೆ ತೋರುವ ಕುರುಚಲು ಗಿಡ. ಚೀನಾದ ವೈದ್ಯರು ಅದನ್ನು ಕೆಮ್ಮು, ಉಬ್ಬಸಗಳಿಗೆ ಶತಮಾನಗಳಿಂದ ಕಷಾಯವಾಗಿ ಕೊಡುತ್ತ ಬಂದಿದ್ದರು. ಬರ್ಲಿನ್ನಿನಲ್ಲಿ ಹಾಫ್‌ಮನ್ನರ ಬಳಿ ಕಲಿತಿದ್ದ ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಅದರ ಸತ್ವವನ್ನು ಬೇರ್ಪಡಿಸಿದರು. ಅದೇ ಎಫೆಡ್ರಿನ್. ಮುಂದಿನ ಪ್ರಯೋಗಗಳಲ್ಲಿ ಅದು ಕಣ್ಣಿನ ಪಾಪೆಯನ್ನು ಹಿಗ್ಗಿಸುವುದು ಕಂಡುಬಂತು. ಪಾಶ್ಚಾತ್ಯ ವೈದ್ಯಕೀಯಕ್ಕೆ ಅಷ್ಟೇ ಸಾಕಾಯಿತು! ಕಷಾಯ ಕುಡಿದವರು ಉಸಿರಿಗಾಗಿ ಕುಡಿದರೆಂಬ ಸಂಗತಿ ಬದಿಗುಳಿಯಿತು.

ಸುಮಾರು ನಾಲ್ಕು ದಶಕಗಳ ತರುವಾಯ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜಿನಲ್ಲಿ ಚೆನ್ ಕೆಹುಯಿ ಮತ್ತು ಕಾರ್ಲ್ ಶ್ಮಿಟ್ ಈ ಮೂಲಿಕೆಯನ್ನು ಮತ್ತೆ ಕೈಗೆತ್ತಿಕೊಂಡರು. ಅದರ ಕಷಾಯವನ್ನು ನಾಯಿಯ ರಕ್ತನಾಳಕ್ಕೆ ಹಾಯಿಸಿದೊಡನೆ ರಕ್ತದೊತ್ತಡ ಏರಿತು. ಚೆನ್ ಸತ್ವವನ್ನು ಬೇರ್ಪಡಿಸಿದರು. ಅದು ನಾಗಾಯಿಯವರ ಎಫೆಡ್ರಿನ್ನೇ ಆಗಿತ್ತು. ವಸ್ತು ಹಳೆಯದು, ಕೇಳಿದ ಪ್ರಶ್ನೆ ಮಾತ್ರ ಹೊಸದು. 1924ರಲ್ಲಿ ಪ್ರಕಟವಾದ ಅವರ ಬರಹ ಅದರ ವರ್ತನೆ ಅಡ್ರಿನಲಿನ್ನಿನಂಥದೆಂದು ತೋರಿಸಿತು.

ಆದರೆ ಅಡ್ರಿನಲಿನ್ ನುಂಗಿದರೆ ನಿಷ್ಫಲ, ಚುಚ್ಚಿದರೂ ಅದರ ಪ್ರಭಾವ ಅಲ್ಪಕಾಲದ್ದು. ಅದರ ಉಂಗುರಕ್ಕೆ ಅಂಟಿರುವ ಎರಡು ಹೈಡ್ರಾಕ್ಸಿಲ್ ಗುಂಪುಗಳು ಎಫೆಡ್ರಿನ್ನಿಗಿಲ್ಲ. ಸಾರಜನಕದ ಪಕ್ಕದ ಇಂಗಾಲಕ್ಕೆ ಒಂದು ಮೀಥೈಲ್ ಗುಂಪು ಹೆಚ್ಚಿಗಿದೆ. ಆದ್ದರಿಂದ ದೇಹದ ಕಿಣ್ವಗಳು ಅದನ್ನು ಬೇಗನೆ ಮುರಿಯಲಾರವು. ನುಂಗಿದ ಗುಳಿಗೆ ಗಂಟೆಗಟ್ಟಲೆ ಶ್ವಾಸನಾಳಗಳನ್ನು ಸಡಿಲವಾಗಿಡುತ್ತದೆ. ಕಷಾಯವನ್ನು ಕುಡಿಸುತ್ತಿದ್ದ ಪದ್ಧತಿಗೆ ಇದಕ್ಕಿಂತ ಸ್ಪಷ್ಟವಾದ ಸಮರ್ಥನೆ ಬೇಕಿಲ್ಲವೆಂದೇ ನನ್ನ ಎಣಿಕೆ.

ಎಫೆಡ್ರಿನ್ ಎದೆಬಡಿತವನ್ನೂ ಏರಿಸುತ್ತಿತ್ತು, ನಿದ್ರೆಯನ್ನೂ ಕೆಡಿಸುತ್ತಿತ್ತು. ಶ್ವಾಸನಾಳದ ಮೇಲೆ ಹೆಚ್ಚು ನೇರವಾಗಿ ವರ್ತಿಸುವ ಸಾಲ್‌ಬುಟಮಾಲ್‌ನಂಥ ಔಷಧಗಳು ಬಂದ ಮೇಲೆ ಉಬ್ಬಸದ ಚಿಕಿತ್ಸೆಯಲ್ಲಿ ಅದು ಹಿಂದೆ ಸರಿಯಿತು.